ಹ್ಯಾಂಡ್‌ಬ್ರೇಕ್ ಯಾರ ಪಾಲು

“ಬಾಡಿ ಎತ್ತಬೇಕಮ್ಮ, ನಮ್ಮ ಕೈಲಾಗಲ್ಲ” ಎಂದು ಊರಿನ ಗ್ಯಾರೇಜಿನವರೆಲ್ಲ ಕೈ ಕೊಡವಿದ ಮೇಲೆ, ಅವಳು ಬೇರೆ ದಾರಿ ಕಾಣದೆ ಗಾಡಿಯನ್ನು ಅಣ್ಣಂದಿರ ಶೆಡ್ಡಿಗೆ ತಂದಳು.

ಕಲ್ಲು ಕ್ವಾರಿಯ ಕಡಿದಾದ ದಾರಿಯಲ್ಲಿ ಕೆಲಸದವರನ್ನು ಬೆಳಿಗ್ಗೆ ಮೇಲಕ್ಕೆ ಒಯ್ದು ಸಂಜೆ ಕೆಳಗಿಳಿಸುವ ಫೋರ್‌ವೀಲ್ ಗಾಡಿ ಅದು. ಗಾಡಿ ಅವಳದೇ, ಓಡಿಸುವವಳೂ ಅವಳೇ. ಹಿಂದಿನ ಚಕ್ರದ ಹತ್ತಿರ ಚಾಸಿ, ಅಂದರೆ ಗಾಡಿಯ ಅಡಿಯ ಕಬ್ಬಿಣದ ಚೌಕಟ್ಟು, ಸೀಳಿತ್ತು. ಹೊರಗೆ ಕಾಣುವ ಕಡೆ ಸೀಳಿದ್ದರೆ ಅರ್ಧ ದಿನದ ಬೆಸುಗೆ ಸಾಕಿತ್ತು. ಇದು ಸೀಳಿದ್ದು ಚಾಸಿಯ ಬೆನ್ನಿನ ಮೇಲೆ, ಬಾಡಿ ಕೂತ ಜಾಗದಲ್ಲೇ. ಕೆಳಗಿನಿಂದ ಕೈ ತೂರಿಸಿದರೆ ಬೆರಳಿಗೆ ತಾಗುತ್ತಿತ್ತು, ಕಣ್ಣಿಗೆ ಬೀಳುತ್ತಿರಲಿಲ್ಲ. ಅಲ್ಲಿಗೆ ಬೆಸುಗೆ ಮುಟ್ಟಬೇಕಾದರೆ ಬಾಡಿಯನ್ನು ಚಾಸಿಯಿಂದ ಪೂರ್ತಿ ಬಿಡಿಸಿ ಮೇಲೆತ್ತಬೇಕು. ಸೋಮವಾರ ಗಾಡಿ ಬರದಿದ್ದರೆ ಆ ದಾರಿಯ ಓಡಾಟ ಬೇರೆಯವರಿಗೆ ಎಂದು ಕ್ವಾರಿಯ ಮೇಸ್ತ್ರಿ ಮುಖಕ್ಕೆ ಹೊಡೆದ ಹಾಗೆ ಹೇಳಿದ್ದ.

ದೊಡ್ಡಣ್ಣ ವೆಲ್ಡರ್, ಚಿಕ್ಕಣ್ಣ ಮೆಕ್ಯಾನಿಕ್. ಅಪ್ಪ ಕಟ್ಟಿದ ಒಂದೇ ಶೆಡ್ಡಿನಲ್ಲಿ ಇಬ್ಬರ ಕೆಲಸ. ಆದರೆ ಇಬ್ಬರಿಗೂ ಮಾತು ನಿಂತು ವರ್ಷಗಳಾಗಿದ್ದವು. ಇಬ್ಬರೂ ಸೇರಿ ರಿಪೇರಿ ಮಾಡಿ ಕಳಿಸಿದ ಗಾಡಿಯೊಂದರ ಚಕ್ರ ನಡುದಾರಿಯಲ್ಲಿ ಕಳಚಿತ್ತು. ಅವನ ತಪ್ಪು ಎಂದು ಇವನು, ಇವನ ತಪ್ಪು ಎಂದು ಅವನು. ಅಂದಿನಿಂದ ಶೆಡ್ಡಿನ ನಡುವೆ ಬಿಳಿ ಪೇಂಟಿನ ಗೆರೆ ಬಿತ್ತು. ಹೇಳಲೇಬೇಕಾದದ್ದು ಇದ್ದರೆ ತಂಗಿ ಬರುವವರೆಗೆ ಕಾಯುತ್ತಿದ್ದರು. ಅವಳು ಬಂದು ಸ್ಟೂಲಿನ ಮೇಲೆ ಕೂತಳೋ ಇಲ್ಲವೋ, ಎರಡೂ ಕಡೆಯಿಂದ ಮಾತು ಅವಳ ತಲೆಯ ಮೇಲೆ ಸುರಿಯುತ್ತಿತ್ತು.

ಅವಳು ಗಾಡಿಯನ್ನು ಸರಿಯಾಗಿ ಗೆರೆಯ ಮೇಲೇ ನಿಲ್ಲಿಸಿದಳು.

“ಅವನಿಗೆ ಹೇಳು ಪುಟ್ಟೀ,” ಎಂದ ದೊಡ್ಡಣ್ಣ, ಎರಡು ಮಾರು ದೂರದಲ್ಲಿ ನಿಂತ ತಮ್ಮನಿಗೆ ಬೆನ್ನು ಮಾಡಿ. “ಬಾಡಿಗೆ ಸೇರಿದ್ದೆಲ್ಲ ನಾನು ಬಿಚ್ತೀನಿ. ಚಾಸಿಗೆ ಸೇರಿದ್ದೆಲ್ಲ ಅವನು. ನನ್ನ ಕೆಲಸಕ್ಕೆ ಕೈ ಹಾಕಿದ್ರೆ ಸ್ಪಾನರ್ ಅವನ ಮುಖದ ಮೇಲಿರುತ್ತೆ.”

“ಚಿಕ್ಕಣ್ಣಾ, ಬಾಡಿದು ಅವನು, ಚಾಸಿದು ನೀನು,” ಎಂದಳು. ಸ್ಪಾನರಿನ ಮಾತನ್ನು ನುಂಗಿಕೊಂಡಳು.

“ಪೂರ್ತಿ ಹೇಳೇ, ನಂಗೂ ಕಿವಿ ಇದೆ. ಅವನಿಗೆ ಹೇಳು, ಅವನ ಕೈಗೆ ಸ್ಪಾನರ್ ಕೊಟ್ರೆ ನಟ್ ಬಿಚ್ಚಲ್ಲ, ನಟ್ಟಿನ ಮೂಲೆ ಬೋಳಿಸ್ತಾನೆ ಅಂತ.”

“ಚಿಕ್ಕಣ್ಣ ಆಯ್ತು ಅಂದ,” ಎಂದಳು ದೊಡ್ಡಣ್ಣನಿಗೆ.

ಬಾಡಿಯನ್ನು ಹಿಡಿದಿದ್ದ ಬೋಲ್ಟುಗಳು ತುಕ್ಕು ತಿಂದು, ಬಾಡಿಗೂ ಚಾಸಿಗೂ ನಡುವಿನ ರಬ್ಬರಿನ ಜೊತೆ ಒಂದಾಗಿಬಿಟ್ಟಿದ್ದವು. ತಿರುಗಿಸಿದರೆ ಒಳಗಿನ ನಟ್ಟೂ ಅದರ ಜೊತೆಗೇ ತಿರುಗುತ್ತಿತ್ತು. ದೊಡ್ಡಣ್ಣ ಹಿಂದಿನ ಸೀಟುಗಳನ್ನು ಕಿತ್ತು, ನೆಲದ ತಗಡು ಕೊರೆದು, ಬೋಲ್ಟುಗಳ ತಲೆಯನ್ನು ಗ್ರೈಂಡರಿನಲ್ಲಿ ಒಂದೊಂದಾಗಿ ಹಾರಿಸಿದ. ಚಿಕ್ಕಣ್ಣ ಅಂಗಾತ ಮಲಗಿ ಬ್ರೇಕ್ ಪೈಪು, ಡೀಸೆಲ್ ಪೈಪು, ಸ್ಟೇರಿಂಗಿನ ಕಂಬಿ, ವೈರುಗಳನ್ನು ಬಿಚ್ಚಿದ. ಮೇಲಿನಿಂದ ತುಕ್ಕಿನ ಪುಡಿ ಅವನ ಕಣ್ಣಿಗೆ ಬಿದ್ದಾಗಲೆಲ್ಲ, ಅದು ಬೇಕಂತಲೇ ಉದುರಿಸಿದ್ದು ಎಂದು ತಂಗಿಗೆ ದೂರು ಹೇಳುತ್ತಿದ್ದ. ಅದು ನಿಜವೂ ಆಗಿತ್ತು, ಅವಳು ನೋಡಿದ್ದಳು.

ಶನಿವಾರ ಮಧ್ಯಾಹ್ನ ಎತ್ತುವ ಹೊತ್ತು ಬಂತು. ಮೇಲಿನ ಕಬ್ಬಿಣದ ತೊಲೆಗೆ ಎರಡು ಚೈನ್ ಪುಲ್ಲಿ ಕಟ್ಟಿದ್ದರು. ಮುಂದಿನದಕ್ಕೆ ದೊಡ್ಡಣ್ಣ, ಹಿಂದಿನದಕ್ಕೆ ಚಿಕ್ಕಣ್ಣ. ಎರಡೂ ತುದಿ ಒಂದೇ ಸಮ ಏರಬೇಕು.

“ಎಲ್ಲ ಬಿಚ್ಚಾಯ್ತಾ ಕೇಳು,” ಎಂದ ದೊಡ್ಡಣ್ಣ.

“ನಂದೆಲ್ಲ ಆಯ್ತು. ಅವನದು ಕೇಳು.”

“ನಂದೂ ಆಯ್ತು ಅನ್ನು.”

ಚೈನು ಕಟಕಟ ಅಂದಿತು. ಬಾಡಿ ಒಮ್ಮೆ ನರಳಿ, ಚಾಸಿಯನ್ನು ಬಿಟ್ಟು ಒಂದು ಗೇಣು ಮೇಲೆದ್ದಿತು. ಅವಳು ಉಸಿರು ಬಿಗಿಹಿಡಿದು ನೋಡುತ್ತಿದ್ದಳು. ಇನ್ನೊಂದು ಗೇಣು. ಅಷ್ಟರಲ್ಲಿ ಚಿಕ್ಕಣ್ಣನ ಕೈ ನಿಂತಿತು. ಬಾಡಿಯ ನೆಲದಿಂದ ಹಿಂದಿನ ಚಕ್ರದ ಕಡೆಗೆ ಕಪ್ಪು ಕೇಬಲ್ಲೊಂದು ತಂತಿಯ ಹಾಗೆ ಸೆಟೆದು ನಿಂತಿತ್ತು.

“ಅವನಿಗೆ ಹೇಳು,” ಎಂದ ಚಿಕ್ಕಣ್ಣ. “ಅಪ್ಪನ ಕಸುಬೆಲ್ಲ ತಾನೊಬ್ಬನೇ ಕಲಿತವನ ಹಾಗೆ ಎದೆ ಉಬ್ಬಿಸ್ಕೊಂಡು ಓಡಾಡ್ತಾನಲ್ಲ, ಆ ದೊಡ್ಡ ಮನುಷ್ಯನಿಗೆ ಹೇಳು, ಮುಖದಲ್ಲಿ ಕಣ್ಣು ಇರೋದು ಗಾಗಲ್ ಹಾಕ್ಕೊಳ್ಳೋಕೆ ಮಾತ್ರ ಅಲ್ಲ—”

ದೊಡ್ಡಣ್ಣನಿಗೆ ಅಷ್ಟೂ ಕೇಳಿಸಿತ್ತು. ಅವನ ಕುತ್ತಿಗೆಯ ನರ ಉಬ್ಬಿತು. ಬಂದ ಸಿಟ್ಟನ್ನೆಲ್ಲ ಚೈನಿನ ಮೇಲೆ ಹಾಕಿ ಜಗ್ಗಿದ, ಮತ್ತೆ ಜಗ್ಗಿದ.

“ದೊಡ್ಡಣ್ಣಾ, ನಿಲ್ಸು! ಕೇಬಲ್!” ಎಂದು ಅವಳು ಕೂಗಿದಳು.

ತಗಡು ಹಳೆಯ ಗೋಣಿಚೀಲದ ಹಾಗೆ ಪರ್ರೆಂದು ಹರಿಯಿತು. ಹ್ಯಾಂಡ್‌ಬ್ರೇಕಿನ ಹಿಡಿ, ಅದರ ಬುಡದಲ್ಲಿದ್ದ ನೆಲದ ತುಂಡಿನ ಸಮೇತ ಕಿತ್ತು ಚಾಸಿಯ ಮೇಲೆ ಬಿತ್ತು. ಬಾಡಿ ಮುಂದೆ ಎತ್ತರ, ಹಿಂದೆ ತಗ್ಗಾಗಿ ತೂಗಾಡಿತು.

“ಹ್ಯಾಂಡ್‌ಬ್ರೇಕ್ ಕೇಬಲ್ ಹೋಗೋದು ಚಕ್ರಕ್ಕೆ. ಚಕ್ರ ಇರೋದು ಚಾಸಿಗೆ. ಯಾರ ಪಾಲು ಅದು, ಕೇಳು ಅವನನ್ನ!” ಎಂದ ದೊಡ್ಡಣ್ಣ.

“ಹಿಡಿ ಕೂತಿರೋದು ಬಾಡಿ ಮೇಲೆ. ಬಾಡಿ ಯಾರ ಪಾಲು, ಕೇಳು!”

ಅವಳು ಯಾರನ್ನೂ ಕೇಳಲಿಲ್ಲ. ತನ್ನ ಗಾಡಿಯ ನೆಲದಲ್ಲಿ ಬಿದ್ದ ತೂತನ್ನೇ ನೋಡುತ್ತಿದ್ದಳು.

“ನೀನ್ಯಾಕೆ ಬೇಗ ಹೇಳ್ಲಿಲ್ಲ?” ದೊಡ್ಡಣ್ಣ ಅವಳ ಮೇಲೆ ಉರಿದುಬಿದ್ದ.

“ಅದೇ ಮತ್ತೆ! ಬಾಯಲ್ಲಿ ಏನು ಇಟ್ಕೊಂಡಿದ್ದೆ?” ಚಿಕ್ಕಣ್ಣನೂ ದನಿ ಸೇರಿಸಿದ.

ಅಷ್ಟು ವರ್ಷಗಳಲ್ಲಿ ಇಬ್ಬರೂ ಒಪ್ಪಿದ ಮೊದಲ ವಿಷಯ ಅದು. ಅವಳ ಕಿವಿ ಬಿಸಿಯಾಯಿತು. ಸ್ಟೂಲನ್ನು ಎಳೆದು, ಅದರ ಮೇಲೆ ಕಾಲಿಟ್ಟು, ತೂಗಾಡುತ್ತಿದ್ದ ಬಾಡಿಯ ಬಾಗಿಲು ತೆಗೆದು ಒಳಗೆ ಹತ್ತಿ ಡ್ರೈವರ್ ಸೀಟಿನಲ್ಲಿ ಕೂತಳು. ಚೈನು ಕಿರ್ರೆಂದಿತು.

“ಏಯ್! ಹುಚ್ಚು ಹಿಡೀತಾ? ಇಳಿಯೇ!” ಎಂದ ದೊಡ್ಡಣ್ಣ.

“ಇಳಿಯಲ್ಲ. ಇಳಿಸಿ.”

“ಅವಳಿಗೆ...” ಎಂದು ಶುರುಮಾಡಿದ ಚಿಕ್ಕಣ್ಣನಿಗೆ ಹೇಳಿಕಳಿಸಲು ಯಾರೂ ಉಳಿದಿರಲಿಲ್ಲ.

ಬಾಡಿ ಒಂದು ಬೆರಳಿನಷ್ಟು ಹಿಂದಕ್ಕೆ ಜಾರಿತು. ಅವಳು ಸೀಟಿನ ಅಂಚನ್ನು ಗಟ್ಟಿಯಾಗಿ ಹಿಡಿದಳು. ಕೆಳಗಿನ ತೂತಿನಲ್ಲಿ ಚಾಸಿಯ ಕಬ್ಬಿಣ ಕಾಣುತ್ತಿತ್ತು.

“ಮುಂದೆ ಇಳ್ಸೋ, ಕತ್ತೆ!” ಎಂದು ಕಿರುಚಿದ ಚಿಕ್ಕಣ್ಣ.

“ಯಾರೋ ಕತ್ತೆ? ಹಿಂದೆ ಎತ್ತೋ ಮೊದ್ಲು!”

“ನೀನು ಬಿಡು ಅಂದ್ರೆ! ನಿಧಾನ! ಅವತ್ತೂ ಹೀಗೇ ಆತುರ ಮಾಡಿ ಚಕ್ರ ಕಳಚಿಸ್ದೆ.”

“ನಟ್ ಬಿಗಿ ಮಾಡದೆ ಟೀ ಕುಡಿಯೋಕೆ ಹೋದವನು ನೀನು, ಕಳ್ಳಬಡ್ಡೀಮಗನೆ!”

“ನಮ್ಮಮ್ಮನಿಗೇ ಬೈತೀಯಲ್ಲೋ!”

ಬೈಗುಳಕ್ಕೊಂದು ಕೊಂಡಿಯಂತೆ ಚೈನು ಸರಿಯಿತು. ಬಾಡಿ ಮಟ್ಟಕ್ಕೆ ಬಂತು, ಚಾಸಿಗೆ ತಾಗದಷ್ಟು ಮೇಲೇರಿತು. ಇಬ್ಬರೂ ಚೈನು ಬಿಗಿದು, ಭುಜಕ್ಕೆ ಭುಜ ಹಚ್ಚಿ ಬರೀ ಚಾಸಿಯನ್ನು ಹೊರಗೆ ತಳ್ಳಿದರು. ತಳ್ಳುವಾಗಲೂ ಬಾಯಿ ನಿಲ್ಲಲಿಲ್ಲ. ಆಮೇಲೆ ಡ್ರಮ್ಮುಗಳ ಮೇಲೆ ಬಾಡಿ ಇಳಿಯಿತು. ಅವಳು ಬಾಗಿಲು ತೆಗೆದು ನೆಲಕ್ಕೆ ಹಾರಿದಳು.

ಇಬ್ಬರೂ ಅವಳ ಕಡೆ ತಿರುಗಿಯೂ ನೋಡಲಿಲ್ಲ.

ಬಿಸಿಲಿನಲ್ಲಿ ಚಾಸಿಯ ಬೆನ್ನು ಮೊದಲ ಸಲ ಪೂರ್ತಿ ಕಂಡಿತು. ಸೀಳು ಅವಳ ಬೆರಳು ಅಂದಾಜು ಮಾಡಿದ್ದಕ್ಕಿಂತ ಉದ್ದವಿತ್ತು. ಪಕ್ಕಕ್ಕೆ ತಿರುಗಿ ಕೆಳಗೂ ಇಳಿದಿತ್ತು.

“ಬರೀ ಬೆಸುಗೆ ನಿಲ್ಲಲ್ಲ. ಮೇಲೆ ಪಟ್ಟಿ ಕೂರಿಸ್ಬೇಕು,” ಎಂದ ದೊಡ್ಡಣ್ಣ.

“ಪಟ್ಟಿ ಕೂರಿಸಿದ್ರೆ ಬಾಡಿ ಎಲ್ಲಿ ಕೂರುತ್ತೆ, ನಿನ್ನ ತಲೆ ಮೇಲಾ? ಒಳಗಡೆಯಿಂದ ಕೊಡು.”

“ಒಳಗೆ ನಿಮ್ಮಾವ ಬಂದು ಬೆಸುಗೆ ಹಾಕ್ತಾನಾ?”

“ನಂಗೆ ಸೋಮವಾರ ಬೆಳಿಗ್ಗೆ ಗಾಡಿ ಬೇಕು,” ಎಂದಳು ಅವಳು. “ನೆಲದ ತೂತೂ ಮುಚ್ಚಬೇಕು.”

ದೊಡ್ಡಣ್ಣ ಸೀಮೆಸುಣ್ಣದಿಂದ ಸೀಳಿನ ಉದ್ದಕ್ಕೂ ಗುರುತು ಹಾಕಿದ. ಆಮೇಲೆ ತಮ್ಮನ ಕಡೆ ತಿರುಗಿ, “ಅವಳಿಗೆ ಹೇಳು, ಬೆಳಕಿಗೆ ಅಡ್ಡ ನಿಂತಿದಾಳೆ,” ಎಂದ.

ಚಿಕ್ಕಣ್ಣ ಹೇಳುವವರೆಗೂ ಕಾಯದೆ ಅವಳು ಪಕ್ಕಕ್ಕೆ ಸರಿದಳು. ಗ್ರೈಂಡರ್ ಕಿರುಚತೊಡಗಿತು. ಅದರ ಸದ್ದನ್ನೂ ಮೀರಿ ಇಬ್ಬರೂ ಮತ್ತೆ ಜಗಳ ಶುರು ಮಾಡಿದರು.