ಚೌಕದಲ್ಲಿ ನಿಂತ ಚಕ್ರವರ್ತಿ

ನಮ್ಮೂರ ಚೌಕದಲ್ಲಿ ನಿಂತಿದ್ದ ರೋಮಿನ ಚಕ್ರವರ್ತಿಗೆ ಮೈ ಗೂಳಿಯದು, ತಲೆ ಮಾತ್ರ ಮಗುವಿನದು. ಅದು ಶಿಲ್ಪಿಯ ತಪ್ಪಲ್ಲ. ಆ ಶಿಲ್ಪಿ ನಮ್ಮವರು, ನನ್ನ ಗಂಡ ವಿಟಾಲಿಸ್, ಅದಕ್ಕೇ ಹೇಳುತ್ತಿದ್ದೇನೆ. ಸಾಮ್ರಾಜ್ಯದ ಗಡಿಯಲ್ಲಿದ್ದ ನಮ್ಮ ಊರಿಗೆ ಹೊಸ ಅಮೃತಶಿಲೆ ಬರುವುದು ಯಾವತ್ತೋ ನಿಂತುಹೋಗಿತ್ತು. ಚಕ್ರವರ್ತಿ ಬದಲಾದಾಗಲೆಲ್ಲ ಇದ್ದ ತಲೆಯನ್ನೇ ಹೆರೆದು ಹೊಸಬನ ಮುಖ ಮೂಡಿಸಬೇಕು. ನನ್ನ ಅತ್ತೆಯ ಕಾಲದಲ್ಲಿ ಒಂದು ಮುಖ ಒಂದು ತಲೆಮಾರು ಬಾಳುತ್ತಿತ್ತಂತೆ. ನನ್ನ ಕಾಲಕ್ಕೆ ಒಬ್ಬನ ಗಡ್ಡ ಕೆತ್ತಿ ಮುಗಿಸುವಷ್ಟರಲ್ಲಿ, ಅವನನ್ನು ಕೊಂದವನ ಚಿತ್ರಪಟ ಹಿಡಿದು ರೋಮಿನ ಕುದುರೆಯವನು ಬಾಗಿಲಿಗೆ ಬಂದಿರುತ್ತಿದ್ದ. ತಲೆ ಸವೆಯದೆ ಇನ್ನೇನಾದೀತು?

ಆಮೇಲೆ ಆ ಕುದುರೆಯವನೂ ಬರುವುದನ್ನು ಬಿಟ್ಟ. ಗುಡ್ಡದ ಕೋಟೆಯ ಸೈನಿಕರು ಒಬ್ಬೊಬ್ಬರಾಗಿ ಇಳಿದು ಬಂದು, ನಮ್ಮೂರ ಹೆಣ್ಣುಗಳನ್ನು ಮದುವೆಯಾಗಿ ನೇಗಿಲು ಹಿಡಿದರು. ನಮಗೇನೂ ವಿಚಿತ್ರವೆನಿಸಲಿಲ್ಲ. ಒಲೆ ಉರಿಯುತ್ತಿತ್ತು, ದನ ಹಾಲು ಕೊಡುತ್ತಿತ್ತು.

ಹೀಗಿರುವಾಗ ಒಂದು ಬೇಸಿಗೆಯಲ್ಲಿ ಉಪ್ಪಿನ ವ್ಯಾಪಾರಿಯೊಬ್ಬ ವಿಗ್ರಹ ನೋಡಿ, ಈ ಮುಖದವನನ್ನು ಕೊಂದು ಹಾಕಿದರಲ್ಲ, ಇನ್ನೂ ಇಟ್ಟುಕೊಂಡಿದ್ದೀರಾ ಎಂದ. ಅವನ ಜಾಗಕ್ಕೆ ಯಾರು ಬಂದರೆಂದು ಕೇಳಿದರೆ ಒಂದು ಸಲ ಅಳಿಯ ಎಂದ, ಇನ್ನೊಂದು ಸಲ ಸೇನಾಪತಿ ಎಂದ. ಗ್ರಾಟಸ್ ಎಂಬ ರೋಮಿನ ಅಧಿಕಾರಿ ಊರೂರಿನ ವಿಗ್ರಹ ನೋಡುತ್ತಾ ಇತ್ತಲೇ ಬರುತ್ತಿದ್ದಾನೆಂದೂ ಹೇಳಿ ಹೋದ. ಉರುಳಿದ ಚಕ್ರವರ್ತಿಯ ಮುಖ ಚೌಕದಲ್ಲಿದ್ದರೆ ಅದು ರಾಜದ್ರೋಹ. ಅದೇ ತಪ್ಪಿಗೆ ಹಿಂದೊಮ್ಮೆ ಪಕ್ಕದೂರಿನ ಶಿಲ್ಪಿಯ ಬಲಗೈ ಕಡಿದದ್ದನ್ನು ನಮ್ಮವರು ಕಣ್ಣಾರೆ ಕಂಡಿದ್ದರು. ವ್ಯಾಪಾರಿ ಹೋದಾಗಿನಿಂದ ಅವರಿಗೆ ಅನ್ನನೀರು ಸೇರಲಿಲ್ಲ.

"ಯಾವ್ದೋ ಒಂದು ಮುಖ ಕೆತ್ತಿ ಬಿಸಾಕ್ರಿ," ಎಂದೆ.

"ಯಾರ್ದೇ? ತಪ್ಪಿದ್ರೆ ಕೈ ಹೋಗತ್ತೆ. ಆ ಕಲ್ಲಲ್ಲಿ ಉಳಿದಿರೋದೂ ಒಂದೇ ಮುಖಕ್ಕಾಗುವಷ್ಟು."

ಕೊನೆಗೆ ಹಳೆಯ ಮುಖವನ್ನು ಹೆರೆದು, ಮೇಲೊಂದು ಬಟ್ಟೆ ಮುಚ್ಚುವುದೆಂದಾಯಿತು. ಅಧಿಕಾರಿಗೆ ಉಣಬಡಿಸಿ, ಉಪಾಯವಾಗಿ ಹೊಸಬನ ಹೆಸರು, ಚಹರೆ ಬಾಯಿಬಿಡಿಸುವ ಕೆಲಸ ನನ್ನದು. ಮಾತಿನಲ್ಲಿ ನಾನು ಯಾರಿಗೂ ಸೋತವಳಲ್ಲ.

ಗ್ರಾಟಸ್ ನಾಲ್ಕಾರು ಸವಾರರೊಡನೆ ಬಂದ. ಹರಿದ ಚಪ್ಪಲಿಗೆ ಹಗ್ಗ ಬಿಗಿದುಕೊಂಡಿದ್ದ ನರೆಗೂದಲಿನ ಮನುಷ್ಯ. ಮೊದಲು ಊಟ ಮಾಡಿ ಎಂದು ಎಷ್ಟು ಉಪಚಾರ ಹೇಳಿದರೂ ಕೇಳದೆ ನೆಟ್ಟಗೆ ಚೌಕಕ್ಕೆ ನಡೆದು ಬಟ್ಟೆ ಎಳೆದ. ಕಣ್ಣಿಲ್ಲ, ಮೂಗಿಲ್ಲ, ಬರೀ ಗುಂಡುಕಲ್ಲು. ನಮ್ಮವರು ಬಲಗೈಯನ್ನು ಬೆನ್ನ ಹಿಂದೆ ಅಡಗಿಸಿಕೊಂಡರು.

ಅವನು ಬಹಳ ಹೊತ್ತು ಆ ಕಲ್ಲನ್ನೇ ನೋಡಿದ. ಆಮೇಲೆ ಕುದುರೆಗಳಿಗೆ ನೀರು ಕುಡಿಸಿ ಬನ್ನಿ ಎಂದು ಸವಾರರನ್ನು ಅತ್ತ ಕಳಿಸಿ, ನನ್ನ ಹತ್ತಿರ ಬಂದು ದನಿ ತಗ್ಗಿಸಿದ.

"ಇಲ್ಲಾದ್ರೂ ಗೊತ್ತಿರತ್ತೆ ಅಂತ ಬಂದೆ, ತಾಯಿ. ಈಗ ಚಕ್ರವರ್ತಿ ಯಾರು?"

ರೋಮಿನಿಂದ ಅವನಿಗೆ ಅಪ್ಪಣೆ ಬರುವುದು ನಿಂತು ಎಷ್ಟೋ ಕಾಲವಾಗಿತ್ತಂತೆ. ಯಾರ ಹೆಸರಿನಲ್ಲಿ ಅಧಿಕಾರ ನಡೆಸಬೇಕೆಂದು ತಿಳಿಯದೆ, ವಿಗ್ರಹಗಳನ್ನು ನೋಡಿಯಾದರೂ ತಿಳಿಯೋಣವೆಂದು ಹೊರಟಿದ್ದ. ಒಂದೊಂದು ಊರಿನಲ್ಲಿ ಒಂದೊಂದು ಮುಖವಿತ್ತು. ನಾನು ನಕ್ಕುಬಿಡುತ್ತಿದ್ದೆ, ಆದರೆ ಅವನ ಚಪ್ಪಲಿಯ ಹಗ್ಗ ಕಣ್ಣಿಗೆ ಬಿತ್ತು. ಅಯ್ಯೋ ಪಾಪ ಎನಿಸಿತು. ಅದರ ಹಿಂದೆಯೇ ಸಿಟ್ಟೂ ಬಂತು. ನಮ್ಮವರು ಉಪವಾಸ ಬಿದ್ದು ಹೆದರಿದ್ದು ಯಾರಿಗೆ ಹಾಗಾದರೆ?

ಅವನು ನಾಚುತ್ತಲೇ ಇನ್ನೊಂದು ಮಾತು ಕೇಳಿದ.

"ಈ ಊರಲ್ಲೇ ಉಳ್ಕೋಬೇಕು ಅಂದ್ರೆ ಯಾರನ್ನ ಕೇಳ್ಬೇಕು?"

ಹಿಂದೆಲ್ಲ ಅದಕ್ಕೆ ಕೋಟೆಯವರನ್ನು ಕೇಳಬೇಕಿತ್ತು, ಕೋಟೆಯವರು ರೋಮನ್ನು ಕೇಳಬೇಕಿತ್ತು. ನಾನು ನಮ್ಮವರ ಮುಖ ನೋಡಿದೆ. ಅವರು ನನ್ನ ಮುಖ ನೋಡಿದರು.

"ನನ್ನ ಕೇಳಿದ್ರಲ್ಲ, ಆಯ್ತು," ಎಂದೆ. "ಬನ್ನಿ, ಊಟ ಆರಿಹೋಗತ್ತೆ."

ಮನೆಯ ಹೊಸ್ತಿಲಲ್ಲಿ ಅವನು ಸೊಂಟದ ಕತ್ತಿ ಬಿಚ್ಚಿ, ಎಲ್ಲಿಡಬೇಕೆಂದು ತಿಳಿಯದೆ ನಿಂತ. ನಮ್ಮವರು ಬಲಗೈ ಚಾಚಿ ಅದನ್ನು ಇಸಿದುಕೊಂಡು, ಬಾಗಿಲ ಹಿಂದೆ ಪೊರಕೆಯ ಪಕ್ಕಕ್ಕೆ ಒರಗಿಸಿದರು.