ಸುಂದರವ್ವನ ನೀಲಿ ಗೋಡೆ

ಬಸಂತರಾಯ ಪುಣೆಯಲ್ಲಿ ಸಿನಿಮಾ ಕಲಿತು ಬಂದವನು, ಮಾತಿನಲ್ಲಿ ಮಲ್ಲ. ಕಾಲವೆಲ್ಲ ಬಣ್ಣದ ಸಿನಿಮಾದತ್ತ ಓಡುತ್ತಿರುವಾಗ ನೀವೇಕೆ ಕಪ್ಪು-ಬಿಳುಪಿನಲ್ಲಿ ತೆಗೆದಿರಿ ಎಂದು ಯಾರಾದರೂ ಕೇಳಿದರೆ ಸಾಕು, "ನೆರಳು-ಬೆಳಕೇ ಸತ್ಯ, ಬಣ್ಣ ಅಂದರೆ ಕಣ್ಣಿಗೆ ಮಣ್ಣೆರಚುವುದು" ಎಂದು ಗಂಟೆಗಟ್ಟಲೆ ಕೊರೆಯುತ್ತಿದ್ದ. ನಿಜವಾದ ಕಾರಣ ಅವನಿಗೂ ಕ್ಯಾಮೆರಾ ಹಿಡಿದ ನಬಿಲಾಲನಿಗೂ ಮಾತ್ರ ಗೊತ್ತಿತ್ತು.

ಕೂಲಿಕಾರರ ಬಡತನ ಅವನ ಕಥೆ. ಅದಕ್ಕೆ ಮನಗೂಳಿಯ ಕೇರಿಯಲ್ಲಿ ಸುಂದರವ್ವನ ಮನೆ ಗೊತ್ತುಮಾಡಿದ್ದ. ಮೊದಲು ನೋಡಿಹೋದಾಗ ಹೊಗೆ ಹಿಡಿದ ಮಣ್ಣಿನ ಗೋಡೆ, ಅವನಿಗೆ ಬೇಕಾದಂಥದ್ದೇ. ಚಿತ್ರೀಕರಣದ ದಿನ ಬಂದು ನೋಡಿದರೆ ಮನೆಯ ಗುರುತೇ ಸಿಗಲಿಲ್ಲ. ಬುದ್ಧ ಜಯಂತಿಗೆ ಬಳಿಯುವ ಹಾಗೆ ಸುಣ್ಣಕ್ಕೆ ನೀಲಿ ಕಲಸಿ ಗೋಡೆಗೆಲ್ಲ ಬಳಿದಿದ್ದಳು. ಮಗಳ ಮದುವೆಗೆಂದು ಕೆಂಪು, ಹಸಿರು, ಹಳದಿ ತುಂಡು ಜೋಡಿಸಿ ಹೊಲಿದ ಕೌದಿಯನ್ನು ಹಾಸಿದ್ದಳು. ಹಿತ್ತಾಳೆ ಕೊಡ ಥಳಥಳ ಹೊಳೆಯುತ್ತಿತ್ತು.

"ಮಗಳ ಮಾತುಕತಿ ನಡದೈತ್ರಿ ಸಾವಕಾರ್ರ. ಇಂಡಿ ಊರಿನ ಬೀಗರು ಇನ್ನೂ ಮನಿ ನೋಡಿಲ್ಲ, ಸಿನಿಮಾದಾಗ ನೋಡ್ತೇವಿ ಅಂದಾರ. ಚಂದ ಕಾಣ್ತೈತಲ್ರಿ?"

"ಕಾಣ್ತೈತಿ ಬಿಡವ್ವ," ಎಂದ ಬಸಂತರಾಯ, ಅವಳ ಮುಖ ನೋಡದೆ.

ಹೊರಗೆ ಬಂದು ನಬಿಲಾಲನಿಗೆ ಪಿಸುಗುಟ್ಟಿದ: "ಕಲರ್ ರೀಲು ತಗಿ. ಕಪ್ಪು-ಬಿಳುಪಿಂದು ಹಾಕು."

"ಯಾಕೋ? ಕಲರ್ ಬೇಕಂತ ನೀನ ಬಡಕೊಂಡಿದ್ದೆಲ್ಲ?"

"ಆ ನೀಲಿ ಗ್ವಾಡಿ ಕಂಡ್ರ ಇವರು ಬಡವರು ಅಂತ ಯಾರು ನಂಬ್ತಾರೋ?"

ಕೊಡವನ್ನು ಹೊರಗಿಡಿಸಿದ. ಬೆಳಕು ಕಡಿಮೆಯಾಗಲೆಂದು ಕಿಟಕಿಗೆ ಗೋಣಿಚೀಲ ಕಟ್ಟಿಸಿದ. ಸಿನಿಮಾದವರಿಗೆ ಹೀಗೇ ಬೇಕೇನೋ ಎಂದುಕೊಂಡು ಸುಂದರವ್ವ ತಾನೇ ಚೀಲ ತಂದುಕೊಟ್ಟಳು. ನಟಿ ಬಂದು ಕೌದಿಯ ಮೇಲೆ ಕೂತು ಅತ್ತಳು.

ದೊಡ್ಡ ಊರುಗಳಲ್ಲಿ ಹೊಗಳಿದ್ದೇ ಹೊಗಳಿದ್ದು. ಬಸಂತರಾಯನ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಆಮೇಲೆ ಚಿತ್ರ ಬಸವನ ಬಾಗೇವಾಡಿಯ ಟೆಂಟಿಗೆ ಬಂತು. ನೋಡಲು ಹೋದ ಅವನಿಗೆ ಜಾಗ ಸಿಕ್ಕಿದ್ದು ಸುಂದರವ್ವನ ಬೆನ್ನ ಹಿಂದೆಯೇ. ಅವಳು ಅವನನ್ನು ನೋಡಿರಲಿಲ್ಲ. ಅವಳ ಒಂದು ಪಕ್ಕದಲ್ಲಿ ಇಂಡಿಯಿಂದ ಬಂದ ಬೀಗತಿ, ಇನ್ನೊಂದು ಪಕ್ಕದಲ್ಲಿ ಮಗಳು.

ಪರದೆಯ ಮೇಲೆ ಮನೆ ಬಂತು. ಗೋಡೆ ಬೂದಿ ಮೆತ್ತಿದಂತಿತ್ತು. ಬಣ್ಣ ಸತ್ತ ಕೌದಿ ಹರಕು ಬಟ್ಟೆಯ ರಾಶಿಯಾಗಿತ್ತು. ಮಗಳು ತಾಯಿಯ ಕೈ ಹಿಡಿದುಕೊಂಡಳು.

"ಎಂಥಾ ಮನಿ ಯವ್ವಾ, ದನಾ ಸುದ್ದಾ ನಿಲ್ಲಂಗಿಲ್ಲ," ಎಂದಳು ಬೀಗತಿ. "ನಿಮ್ಮ ಮನಿ ಯಾವಾಗ ಬರ್ತೈತ್ರಿ?"

 ಹಿಂದೆ ಕೂತ ಬಸಂತರಾಯನಿಗೆ ಭೂಮಿ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಎನ್ನಿಸಿತು.

"ನಮ್ಮ ಮನಿ ತಗೀಲಿಲ್ರಿ," ಎಂದಳು ಸುಂದರವ್ವ. "ಇದು ಯಾರದೋ ಬಡವರ ಮನಿ."

"ಪಾಪ," ಎಂದಳು ಬೀಗತಿ.

"ಹೌದ್ರಿ, ಪಾಪ," ಎಂದಳು ಸುಂದರವ್ವ.

ದೀಪ ಹತ್ತಿದರೆ ಅವಳು ಎಲ್ಲಿ ಹಿಂದಿರುಗಿ ನೋಡುತ್ತಾಳೋ ಎಂದು, ಬಸಂತರಾಯ ತನ್ನ ಸಿನಿಮಾ ಮುಗಿಯುವ ಮೊದಲೇ ತಲೆ ತಗ್ಗಿಸಿಕೊಂಡು ಟೆಂಟಿನಿಂದ ಹೊರಬಿದ್ದ.