ಉಡಚಪ್ಪನ ಕಡೇ ರೊಟ್ಟಿ

ಎಪ್ಪತ್ತೊಂದರ ಯುದ್ಧಕ್ಕೆ ಇಪ್ಪತ್ತು ವರ್ಷ ತುಂಬಿತೆಂದು ಹಾವೇರಿಯ ಮಾಜಿ ಸೈನಿಕರು ಪುಸ್ತಕ ತರಲು ಹೊರಟರು. ಎಲ್ಲರೂ ತಮ್ಮ ಅನುಭವ ಬರೆದು ಕೊಡಬೇಕಂತೆ. ನಮ್ಮ ಯಜಮಾನರಿಗೆ ಮೀಸೆ ತಿರುವಿದಷ್ಟು ಸಲೀಸಾಗಿ ಪೆನ್ನು ತಿರುವಲು ಬಾರದು. ನಾನು ಏಳನೇ ಇಯತ್ತೆ ಕಲಿತವಳು. ಹೀಗಾಗಿ ಅವರು ಹೇಳುವುದು, ನಾನು ಬರೆಯುವುದು ಎಂದಾಯಿತು.

"ಬರಿ ಕುಲ್ಸುಮಾ, ವೈರಿಗಳ ಮ್ಯಾಲೆ ಹುಲಿಯಂಗ ಜಿಗದೆ."

"ಸೌಟು ಹಿಡ್ಕೊಂಡೇನ್ರಿ?" ಎಂದೆ.

ಅವರು ಪಲ್ಟನ್ನಿನ ಅಡುಗೆಯವರು. ಇವರು ಮಾಡಿದ ಸಾರಿನ ಕೆಂಪು ನೋಡಿಯೇ ಪಂಜಾಬಿ ಸಾಹೇಬರೊಬ್ಬರು ಉಪವಾಸ ಮಲಗಿದ್ದರಂತೆ. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ, ನಮ್ಮವರ ಶೌರ್ಯದ ಹಾಗೆ.

ಇವರ ಬಡಾಯಿ ಕೇಳಿ ಕೇಳಿ ನನಗೆ ರೂಢಿಯಾಗಿದೆ. ಈ ಸಲ ಮಾತ್ರ ಮೈಲವ್ವನ ವಿಷಯವಿತ್ತು. ಕರ್ಜಗಿಯ ಮೈಲವ್ವನ ಮಗ ಉಡಚಪ್ಪ ಇವರದೇ ಪಲ್ಟನ್ನಿನಲ್ಲಿದ್ದು ಆ ಯುದ್ಧದಲ್ಲಿ ಸತ್ತ. ಬಂದೂಕು ಹಿಡಿದೇ ಮಡಿದನೆಂದು ಇವರು ಆಕೆಗೆ ಹೇಳಿದ್ದರು. ನಿಜವೆಂದರೆ, ಉಂಡು ಹೋದವನು ಇನ್ನೊಂದು ರೊಟ್ಟಿ ಬೇಕೆಂದು ತಿರುಗಿ ಬಂದು, ಅಡುಗೆ ಡೇರೆಯ ಹೊರಗೆ ನಿಂತು ತಿನ್ನುವಾಗ ಶೆಲ್ ಬಿದ್ದಿತ್ತು. ಮಗನ ಬಗ್ಗೆ ಏನು ಬರೆದಿದ್ದೇವೆಂದು ಕೇಳಲು ಮೈಲವ್ವ ಮರುದಿನ ಬರುವವಳಿದ್ದಳು.

"ಸುಳ್ಳ ನಾ ಬರಿಯಂಗಿಲ್ರಿ. ಖರೇ ಏನೈತಿ ಅದನ್ನ ಆಕಿಗೆ ನೀವ ಹೇಳ್ರಿ."

"ರೊಟ್ಟಿ ಆಸೇಕ್ಕ ಸತ್ತ ಅಂತ ಹೆತ್ತಾಕಿಗೆ ಹೆಂಗ ಹೇಳ್ಲೇ?"

ಹುಲಿಯ ದನಿ ಇಲಿಯದಾಗಿತ್ತು. ನನಗೆ ಪಾಪ ಅನ್ನಿಸಿತು, ಆದರೂ ಪೆನ್ನು ಮುಟ್ಟಲಿಲ್ಲ.

ಮೈಲವ್ವ ಬಂದು ಕುಳಿತಳು. ಇವರು ಮಳೆ ಬೆಳೆ ಮಾತಾಡಿದರು, ಬಸ್ಸಿನವರನ್ನು ಬೈದರು, ಚಹಾ ಕುಡಿದರು. ಕೊನೆಗೆ ನೆಲ ನೋಡುತ್ತ ಒಂದೇ ಉಸಿರಿನಲ್ಲಿ ಎಲ್ಲ ಒದರಿ, "ಅವತ್ತ ನಿನಗ ಸುಳ್ಳ ಹೇಳಿದ್ನಿ ಯವ್ವಾ" ಎಂದರು. ಮುದುಕಿ ಶಾಪ ಹಾಕುತ್ತಾಳೆಂದೇ ನಾನೂ ಅಂದುಕೊಂಡೆ.

ಆಕೆ ಸೆರಗಿನ ತುದಿ ಬೆರಳಿಗೆ ಸುತ್ತುತ್ತ ಕೇಳಿದಳು.

"ಬಿಸಿ ಇತ್ತೇನು?"

"ಏನ ಯವ್ವಾ?"

"ರೊಟ್ಟಿ."

"ಹೂಂ. ಹಂಚಿನ ಮ್ಯಾಲಿಂದ ತಗದು ಕೈಗೆ ಕೊಟ್ಟಿದ್ನಿ."

ಮೈಲವ್ವ ಈಗ ಅತ್ತಳು. "ಹಸಗೊಂಡ ಸತ್ತನೋ ಏನೋ ಅಂತ ಉಣ್ಣಾಕ ಕುಂತಾಗೆಲ್ಲಾ ತುತ್ತು ಇಳೀತಿರಲಿಲ್ಲ ನನಗ. ಇದನ್ನ ಮೊದಲ ಹೇಳಬಾರದಾಗಿತ್ತೇನೋ ಹುಚ್ಚಪ್ಪಾ?"

ಮುದುಕಿ ನನ್ನ ಕಡೆ ತಿರುಗಿ ಪೆನ್ನು ತೋರಿಸಿದಳು.

"ಉಂಡಿದ್ದ ಅಂತ ದಪ್ಪ ಅಕ್ಷರದಾಗ ಬರಿಯವ್ವಾ."